ಪಿಕ್ಚರ್ ಪಾಸ್‌ವರ್ಡ್ ಇದ್ರೂ ಮೇಲ್ ಓದ್ತಿದಾರೆ: ಪ್ರತಿಕ್ರಿಯೆ

ಮಂಡ್ಯದ ಅಂಗಡೀಲಿ ಕೆಲಸದ ಹುಡುಗ ನಿಮ್ ವಿಂಡೋಸ್ ಲ್ಯಾಪ್‌ಟಾಪಿನ ಪಿಕ್ಚರ್ ಪಾಸ್‌ವರ್ಡ್ (ಫೋಟೋ ಮೇಲೆ ಒತ್ತಿ, ಗೆರೆ ಎಳೆದು, ಸುತ್ತು ಬರೆದು ಲಾಗಿನ್ ಆಗೋದು) ಹಾಕಿ ಮೇಲ್ ಓದ್ತಿದಾನೆ ಅಂದ್ರಲ್ಲ, ಬಹುಶಃ ಪಕ್ಕದಲ್ಲಿ ನಿಂತು ನೋಡ್ಕೊಂಡಿರ್ತಾನೆ, ಇಲ್ಲಾ ಟಚ್ ಸ್ಕ್ರೀನ್ ಮೇಲಿನ ಬೆರಳಿನ ಗುರುತು ಹಿಡಿದಿರ್ತಾನೆ. ಅರಮನೆ ಫೋಟೋ ಇಟ್ಟು ಎದ್ದು ಕಾಣೋ ಗೋಪುರಗಳ ಮೇಲೇ ಒತ್ತಿದ್ರೆ ಊಹೆ ಮಾಡೋದೂ ಸುಲಭ.

ಮೊದ್ಲು ಸೆಟ್ಟಿಂಗ್ಸ್, ಅಕೌಂಟ್ಸ್, ಸೈನ್-ಇನ್ ಆಪ್ಷನ್ಸ್‌ಗೆ ಹೋಗಿ ಫೋಟೋನೇ ಬದಲಾಯ್ಸಿ. ಮೈಸೂರಿನ ದೇವರಾಜ ಮಾರ್ಕೆಟ್ ಹೂವಿನ ಸಾಲಿನ ಥರ ಸಣ್ಣ ಸಣ್ಣ ವಿವರ ತುಂಬಿರೋದು ಹಾಕಿ, 3 ಗೆಸ್ಚರಲ್ಲಿ ಒಂದು ಒತ್ತು, ಒಂದು ಗೆರೆ, ಒಂದು ಸುತ್ತು ಇರ್ಲಿ, ಗೆರೆ ಯಾವ ಕಡೆಯಿಂದ ಎಳೆದ್ರಿ ಸುತ್ತು ಯಾವ ಕಡೆ ತಿರುಗಿಸಿದ್ರಿ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಲಾಗಿನ್ ಆದ್ಮೇಲೆ ಸ್ಕ್ರೀನ್ ಒರೆಸಿ. ಪಿನ್ ಇದ್ರೆ ಅದನ್ನೂ ಬದಲಾಯ್ಸಿ, ಇಲ್ಲಾಂದ್ರೆ ಆ ದಾರೀಲಿ ಬರ್ತಾನೆ.

ಆದ್ರೆ ಮುಖ್ಯವಾದ್ದು, ಇದು ಆ ಮಷೀನಿಗೆ ಮಾತ್ರ ಬೀಗ, ಮೇಲ್ ಅಕೌಂಟಿಗಲ್ಲ. ಬ್ರೌಸರಲ್ಲಿ ಸೇವ್ ಆಗಿರೋ ಪಾಸ್‌ವರ್ಡ್ ಅವನು ನೋಡಿದಾನೋ ಇಲ್ವೋ ಇಲ್ಲಿಂದ ಹೇಳಕ್ಕಾಗಲ್ಲ, ಅದಕ್ಕೆ ಇವತ್ತೇ ನಿಮ್ ಫೋನಿಂದ ಮೇಲ್ ಪಾಸ್‌ವರ್ಡ್ ಬದಲಾಯ್ಸಿ, ನಿಮ್ದಲ್ಲದ ಡಿವೈಸ್‌ಗಳ್ನೆಲ್ಲ ಸೈನ್ ಔಟ್ ಮಾಡಿ, ಟೂ ಸ್ಟೆಪ್ (ಪಾಸ್‌ವರ್ಡ್ ಆದ್ಮೇಲೆ ಇನ್ನೊಂದ್ಸಲ ನೀವೇನಾ ಅಂತ ಕೇಳೋ ವ್ಯವಸ್ಥೆ) ಆನ್ ಮಾಡಿ, ರಿಕವರಿ ನಂಬರ್ (ಅಕೌಂಟ್ ವಾಪಸ್ ಪಡೆಯೋಕೆ ಕೊಟ್ಟಿರೋ ಫೋನ್ ನಂಬರ್) ನಿಮ್ದೇ ಇದ್ಯಾ ನೋಡ್ಕೊಳ್ಳಿ.