ಮೊಟ್ಟೆ ಬಿಳಿ, ಆದರೆ ಕಾಗದದಷ್ಟು ಬಿಳಿಯಲ್ಲ

ಪೆನ್ಸಿಲ್ ಚಿತ್ರದ ನೆರಳು–ಬೆಳಕಿನ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದುಕೊಂಡಿದ್ದೇನೆ. ಮೊದಲನೆಯದರ ಉತ್ತರ ಉದ್ದವಾಗಿದೆ. ಉಳಿದ ಪ್ರಶ್ನೆಗಳ ಬೇರೂ ಅಲ್ಲೇ ಇರುವುದರಿಂದ ಸಹಿಸಿಕೊಳ್ಳಿ.

ಪ್ರಶ್ನೆ: ಮೇಜಿನ ಮೇಲೆ ಮೊಟ್ಟೆಯೊಂದನ್ನು ಇಟ್ಟುಕೊಂಡು ಎರಡು ಗಂಟೆ ಕೂತು ಬರೆದೆ. ಆಕಾರ ಸರಿಯಾಗಿಯೇ ಬಂದಿದೆ. ಸುತ್ತಲೂ ಅಂಚಿನಿಂದ ಒಳಕ್ಕೆ ಶೇಡಿಂಗ್ ಮಾಡಿ ನಡುವೆ ಬಿಳಿ ಬಿಟ್ಟಿದ್ದೇನೆ. ಆದರೂ ಉಬ್ಬಿದಂತೆ ಕಾಣದೆ ಮಸಿ ಹಿಡಿದ ತಟ್ಟೆಯಂತೆ ಕಾಣುತ್ತದೆ. ತಪ್ಪು ಎಲ್ಲಿದೆ?

ಉತ್ತರ: ತಪ್ಪು ನಿಮ್ಮ ಪ್ರಶ್ನೆಯಲ್ಲೇ ಇದೆ, ‘ಸುತ್ತಲೂ’ ಎಂಬ ಮಾತಿನಲ್ಲಿ. ಅಂಚಿಗೆಲ್ಲ ಕಪ್ಪು, ನಡುವೆ ಬಿಳಿ ಎಂದು ತೀಡಿದರೆ ಬೆಳಕು ನಿಮ್ಮ ಹಣೆಯಿಂದಲೇ ಹೊರಟು ನೇರವಾಗಿ ಮೊಟ್ಟೆಗೆ ಬಡಿಯುತ್ತಿದೆ ಎಂದಾಯಿತು. ತಲೆಗೆ ದೀಪ ಕಟ್ಟಿಕೊಂಡು ಗಣಿಗೆ ಇಳಿದವರು ಹಾಗೆ ಬರೆಯಬಹುದು. ನಿಮ್ಮ ಮೇಜಿಗೆ ಬೆಳಕು ಯಾವುದೋ ಒಂದು ಪಕ್ಕದಿಂದ ಬಂದಿರುತ್ತದೆ. ಆಗ ಮೊಟ್ಟೆಯ ಒಂದು ಅಂಚು ಬೆಳಗುತ್ತದೆ, ಇನ್ನೊಂದು ಮಂಕಾಗುತ್ತದೆ. ಎರಡಕ್ಕೂ ಒಂದೇ ಕಪ್ಪು ಬಳಿದ ಗಳಿಗೆಯಲ್ಲೇ ಮೊಟ್ಟೆ ಚಪ್ಪಟೆಯಾಗಿದೆ.

ಮೊದಲು ಕೋಣೆಯನ್ನು ಸರಿಮಾಡಿಕೊಳ್ಳಿ. ಚಾವಣಿಯ ದೀಪ ಆರಿಸಿ. ಕಿಟಕಿಯೋ ಮೇಜಿನ ದೀಪವೋ, ಯಾವುದಾದರೂ ಒಂದು ಸಾಕು. ಎರಡು ದೀಪಗಳಿದ್ದರೆ ಎರಡು ನೆರಳು ಬಿದ್ದು ಒಂದನ್ನೊಂದು ಕೆಡಿಸುತ್ತವೆ. ಬೆಳಕು ಮೊಟ್ಟೆಗಿಂತ ತುಸು ಮೇಲಿನಿಂದ, ಒಂದು ಬದಿಯಿಂದ ಬರಲಿ. ಬಲಗೈಯಲ್ಲಿ ಬರೆಯುವವರಿಗೆ ಎಡಬದಿ ಒಳ್ಳೆಯದು, ಸ್ವಂತ ಕೈಯ ನೆರಳು ಕಾಗದಕ್ಕೆ ಅಡ್ಡ ಬರುವುದಿಲ್ಲ.

ಈಗ ಪೆನ್ಸಿಲ್ ಮುಟ್ಟದೆ ಒಂದೇ ಒಂದು ಸಂಗತಿಯನ್ನು ಹುಡುಕಿ: ದೀಪದ ನೇರ ಬೆಳಕು ಮೊಟ್ಟೆಯ ಮೇಲೆ ಎಲ್ಲಿಗೆ ಮುಗಿಯುತ್ತದೆ? ಕಣ್ಣು ಅರೆಮುಚ್ಚಿ ನೋಡಿದರೆ ಸಣ್ಣಪುಟ್ಟ ವಿವರಗಳೆಲ್ಲ ಅಳಿಸಿಹೋಗಿ ಮೊಟ್ಟೆ ಎರಡು ಪಾಲಾಗಿ ಕಾಣುತ್ತದೆ. ಆ ಗಡಿ ಮೊಟ್ಟೆಯ ಮೈಮೇಲೆ ಬಾಗಿಕೊಂಡು ಹಾದುಹೋಗಿರುತ್ತದೆ, ಅಂಚಿನಿಂದ ಸಾಕಷ್ಟು ಒಳಗೆ. ಅದನ್ನು ತೆಳುವಾಗಿ ಗುರುತು ಮಾಡಿ. ಗಡಿಯ ಆಚೆಯ ಪಾಲನ್ನೂ ಮೇಜಿನ ಮೇಲೆ ಬಿದ್ದ ನೆರಳನ್ನೂ ಒಟ್ಟಿಗೆ ಸೇರಿಸಿ ಒಂದೇ ಹದದ ಬೂದು ತುಂಬಿ. ಇಷ್ಟಕ್ಕೇ ಮೊಟ್ಟೆ ಕಾಗದದಿಂದ ಎದ್ದು ಕೂರುತ್ತದೆ. ಮುಂದಿನದೆಲ್ಲ ತಿದ್ದುವ ಕೆಲಸ, ಅದಕ್ಕೆ ಬೇಕಾದರೆ ಎರಡು ಗಂಟೆ ತೆಗೆದುಕೊಳ್ಳಿ.

ತಿದ್ದುವಾಗ ಒಂದು ಕಟ್ಟುಪಾಡನ್ನು ಮೀರಬೇಡಿ. ನೆರಳಿನ ಪಾಲಿನಲ್ಲಿ ಅತಿ ತಿಳಿಯಾದ ಜಾಗವೂ ಬೆಳಕಿನ ಪಾಲಿನ ಅತಿ ಮಂಕಾದ ಜಾಗಕ್ಕಿಂತ ಕಪ್ಪಾಗಿಯೇ ಇರಬೇಕು. ಇದು ಮುರಿದುಬೀಳುವುದು ಸಾಮಾನ್ಯವಾಗಿ ಪ್ರತಿಫಲಿತ ಬೆಳಕಿನಲ್ಲಿ. ಮೊಟ್ಟೆಯ ಕತ್ತಲ ಬದಿಯ ತಳದಲ್ಲಿ, ಅಂಚಿಗೆ ಹತ್ತಿರ, ಒಂದು ಮಂದ ಬೆಳಕಿನ ಪಟ್ಟಿ ಕಾಣುತ್ತದಲ್ಲ, ಅದು ಮೇಜಿನಿಂದ ಪುಟಿದು ಬಂದ ಬೆಳಕು. ನಂಬಿಕೆ ಬಾರದಿದ್ದರೆ ಮೊಟ್ಟೆಯ ಪಕ್ಕ ಕಪ್ಪು ಕಾಗದ ಇಡಿ, ಪಟ್ಟಿ ಆರಿಹೋಗುತ್ತದೆ. ಬಿಳಿ ಕಾಗದ ಇಡಿ, ಮತ್ತೆ ಹೊತ್ತಿಕೊಳ್ಳುತ್ತದೆ. ಈ ಆಟವನ್ನು ನಾನು ಎಷ್ಟು ಸಲ ಆಡಿದ್ದೇನೋ ಲೆಕ್ಕವಿಲ್ಲ, ಇನ್ನೂ ಬೇಸರ ಬಂದಿಲ್ಲ. ಬಿದಿಗೆ ತದಿಗೆಯ ಚಂದ್ರನಲ್ಲಿ ಬೆಳ್ಳಿಯ ಗೆರೆಯ ಪಕ್ಕದ ಕತ್ತಲ ಭಾಗವೂ ಮಸುಕಾಗಿ ಕಾಣುತ್ತದಲ್ಲ, ಅದೂ ಇದೇ ಸಂಗತಿ. ಅಲ್ಲಿ ಮೇಜಿನ ಕೆಲಸವನ್ನು ಭೂಮಿ ಮಾಡುತ್ತದೆ. ಭೂಮಿಯಿಂದ ಪುಟಿದ ಬೆಳಕು ಅದು ಎಂದು ಲಿಯೊನಾರ್ಡೊ ಡ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಬರೆದಿಟ್ಟಿದ್ದ. 1610ರಲ್ಲಿ ಗೆಲಿಲಿಯೊ ಅದನ್ನೇ ಅಚ್ಚಿನಲ್ಲಿ ವಿವರಿಸಿದ. ಇಬ್ಬರೂ ಚಿತ್ರ ಬರೆಯಲು ಬಲ್ಲವರು ಎಂಬುದು ಗಮನಿಸಬೇಕಾದ ವಿಷಯ.

ಈ ಪಟ್ಟಿಯನ್ನು ಕಂಡುಹಿಡಿದ ಖುಷಿಯಲ್ಲಿ ಹೊಸಬರು ರಬ್ಬರಿನಿಂದ ಉಜ್ಜಿ ಅದನ್ನು ಬೆಳ್ಳಗೆ ಮಾಡಿಬಿಡುತ್ತಾರೆ. ಆಗ ಮೊಟ್ಟೆ ತಗಡಿನದಾಗುತ್ತದೆ. ಸುತ್ತ ಕತ್ತಲಿರುವುದರಿಂದ ಅದು ಇರುವುದಕ್ಕಿಂತ ಬೆಳ್ಳಗೆ ಕಾಣುತ್ತದೆ ಅಷ್ಟೇ. ನಿಮಗೆ ತೋರಿದ್ದಕ್ಕಿಂತ ಒಂದು ಹದ ಕಪ್ಪಾಗಿಯೇ ಬಿಡಿ. ನೆರಳಿನ ಪಾಲಿನಲ್ಲಿ ಹೆಚ್ಚು ಕಪ್ಪಿರುವುದು ಗಡಿಯನ್ನು ಈಗಷ್ಟೇ ದಾಟಿದ ಜಾಗದಲ್ಲಿ. ನೇರ ಬೆಳಕು ಅಲ್ಲಿಗೆ ತಲುಪುವುದಿಲ್ಲ, ಪುಟಿದ ಬೆಳಕು ಅಲ್ಲಿಯವರೆಗೆ ಏರಿರುವುದಿಲ್ಲ.

ಇನ್ನು ಮೊಟ್ಟೆ ಮೇಜಿಗೆ ತಾಗುವ ಜಾಗ. ಹತ್ತಿರ ಬಗ್ಗಿ ನೋಡಿ. ಅಲ್ಲಿ ಎಳೆಯಷ್ಟು ಸಣ್ಣ ಗಾಢ ಕಪ್ಪು ಇರುತ್ತದೆ. ಯಾವ ಬೆಳಕೂ ನುಸುಳಲಾರದ ಸಂದಿ ಅದು. ಚಿತ್ರದ ಅತ್ಯಂತ ಕಪ್ಪನ್ನು ಅದಕ್ಕೇ ಮೀಸಲಿಡಿ. ಅದಿಲ್ಲದಿದ್ದರೆ ಮೊಟ್ಟೆ ಮೇಜಿನಿಂದ ಅರ್ಧ ಅಂಗುಲ ಮೇಲೆ ತೇಲುತ್ತಿರುತ್ತದೆ. ಅಲ್ಲಿಂದ ಹೊರಟ ನೆರಳು ದೂರ ಹೋದಂತೆ ತಿಳಿಯಾಗುತ್ತದೆ, ಅದರ ಅಂಚೂ ಮೆತ್ತಗಾಗುತ್ತದೆ. ಬೆಳಕಿನ ಮೂಲಕ್ಕೆ ಒಂದಿಷ್ಟು ಅಗಲ ಇರುವುದೇ ಇದಕ್ಕೆ ಕಾರಣ. ಸೂರ್ಯ ನಮಗೆ ಸುಮಾರು ಅರ್ಧ ಡಿಗ್ರಿ ಅಗಲವಾಗಿ ಕಾಣುತ್ತಾನೆ. ಅಷ್ಟಕ್ಕೇ, ವಸ್ತುವಿನಿಂದ ಒಂದು ಮೀಟರ್ ಆಚೆ ಬಿದ್ದ ನೆರಳಿನ ಅಂಚು ಸುಮಾರು 9 ಮಿಲಿಮೀಟರ್ ಮಸುಕಾಗುತ್ತದೆ. ಕಿಟಕಿ ಸೂರ್ಯನಿಗಿಂತ ಎಷ್ಟೋ ಅಗಲ, ಹಾಗಾಗಿ ಮಸುಕೂ ಹೆಚ್ಚು. ನೆರಳಿನ ಸುತ್ತ ಗೆರೆ ಎಳೆದು ಒಳಗೆ ಬಣ್ಣ ತುಂಬುವ ಅಭ್ಯಾಸವಿದ್ದರೆ ಇಂದೇ ಬಿಟ್ಟುಬಿಡಿ.

ಕೊನೆಗೆ ಬಿಳಿಯ ವಿಷಯ. ಮೊಟ್ಟೆ ಬಿಳಿ ಎಂದುಕೊಂಡು ಮುಕ್ಕಾಲು ಭಾಗ ಕಾಗದವನ್ನು ಖಾಲಿ ಬಿಟ್ಟಿದ್ದೀರಿ. ಬರಿಗಾಗದವನ್ನು ದೀಪಕ್ಕೆ ನೇರವಾಗಿ ಮುಖ ಮಾಡಿದ ಚಿಕ್ಕ ಜಾಗಕ್ಕೆ ಉಳಿಸಿ. ಬೆಳಕಿನ ಪಾಲಿನ ಉಳಿದ ಭಾಗಕ್ಕೆಲ್ಲ, ಗಡಿಯ ಕಡೆಗೆ ಹೋದಂತೆ ತುಸುತುಸು ಹೆಚ್ಚುವ ಹಾಗೆ, ತೆಳುವಾದ ಬೂದು ಬೇಕು.

ಪ್ರಶ್ನೆ: ನನ್ನ ಬಳಿ 6ಎಚ್‌ನಿಂದ 8ಬಿವರೆಗಿನ ಪೆನ್ಸಿಲ್‌ಗಳ ಪೆಟ್ಟಿಗೆ ಇದೆ. ಯಾವುದನ್ನು ಎಲ್ಲಿ ಬಳಸಬೇಕೆಂದು ತಿಳಿಯದೆ ಎಲ್ಲವನ್ನೂ ಬಳಸುತ್ತೇನೆ.

ಉತ್ತರ: 2ಎಚ್, 2ಬಿ, 6ಬಿ ತೆಗೆದಿಟ್ಟುಕೊಂಡು ಪೆಟ್ಟಿಗೆ ಮುಚ್ಚಿ. ಬೆಳಕಿನ ಪಾಲಿನ ತೆಳು ಬೂದಿಗೆ 2ಎಚ್, ನೆರಳಿಗೆ 2ಬಿ, ಆ ಸಂದಿಯ ಕಪ್ಪಿಗೆ 6ಬಿ. ಪೆನ್ಸಿಲ್ ಕಡ್ಡಿ ಗ್ರಾಫೈಟ್ ಮತ್ತು ಜೇಡಿಮಣ್ಣಿನ ಮಿಶ್ರಣ. ಎರಡನ್ನೂ ಕಲಸಿ ಸುಡುವ ವಿಧಾನಕ್ಕೆ 1795ರಲ್ಲಿ ಫ್ರಾನ್ಸಿನ ನಿಕೊಲಾ ಜಾಕ್ ಕೊಂಟೆ ಪೇಟೆಂಟ್ ಪಡೆದ. ಮಣ್ಣು ಹೆಚ್ಚಾದರೆ ಗಡಸು, ತಿಳಿ: ಅದು ಎಚ್. ಗ್ರಾಫೈಟ್ ಹೆಚ್ಚಾದರೆ ಮೆತ್ತಗೆ, ಕಪ್ಪು: ಅದು ಬಿ. ಇದು ಗೊತ್ತಿದ್ದರೆ 2ಎಚ್ ಪೆನ್ಸಿಲನ್ನು ಒತ್ತಿ ಒತ್ತಿ ಕಪ್ಪು ಹೊರಡಿಸುವ ಹಟ ಹಿಡಿಯುವುದಿಲ್ಲ. ಹಾಗೆ ಒತ್ತಿದರೆ ಕಾಗದದಲ್ಲಿ ತೋಡು ಬೀಳುತ್ತದೆ, ಆಮೇಲೆ ಯಾವ ಪೆನ್ಸಿಲ್ ಬಂದರೂ ಆ ತೋಡು ಬಿಳಿ ಗೀರಾಗಿ ಇಣುಕುತ್ತದೆ.

ಗ್ರಾಫೈಟಿಗೆ ಒಂದು ಕೆಟ್ಟ ಗುಣವಿದೆ: ದಪ್ಪಗೆ ಬಳಿದರೆ ಮಿನುಗುತ್ತದೆ. ಕಷ್ಟಪಟ್ಟು ಕಪ್ಪು ಮಾಡಿದ ಜಾಗವೇ ಓರೆಯಿಂದ ನೋಡಿದಾಗ ಬೆಳ್ಳಗೆ ಹೊಳೆಯುತ್ತದೆ. ಒತ್ತುವ ಬದಲು ಹಗುರ ಕೈಯಲ್ಲಿ ಪದರದ ಮೇಲೆ ಪದರ ಹಾಕಿದರೆ ಈ ಕಾಟ ಕಡಿಮೆ. ಪೂರ್ತಿ ಕಪ್ಪೇ ಬೇಕಿದ್ದರೆ ಇದ್ದಿಲಿನ ಪೆನ್ಸಿಲ್ ಹಿಡಿಯಿರಿ. ಅಂದಹಾಗೆ, ಪೆನ್ಸಿಲಿಗೆ ಸುರಿಯುವ ಹಣದಲ್ಲಿ ಅರ್ಧವನ್ನು ಕಾಗದಕ್ಕೆ ಹಾಕಿದ್ದರೆ ಚಿತ್ರ ಇನ್ನೂ ಚೆನ್ನಾಗಿ ಬರುತ್ತಿತ್ತು. ನುಣುಪಾದ ಮುದ್ರಣದ ಹಾಳೆ ಎರಡು ಪದರ ಹೀರುವಷ್ಟರಲ್ಲಿ ಸೋಲುತ್ತದೆ. ಸ್ವಲ್ಪ ತರಿತರಿಯಾದ ಡ್ರಾಯಿಂಗ್ ಶೀಟ್ ಐದಾರು ಪದರಗಳನ್ನು ಹಿಡಿದುಕೊಳ್ಳುತ್ತದೆ.

ಪ್ರಶ್ನೆ: ಬೆರಳಿನಿಂದ ಉಜ್ಜಿ ಶೇಡಿಂಗ್ ನಯಗೊಳಿಸಬಹುದೇ?

ಉತ್ತರ: ಬೇಡ. ಬೆರಳಿನ ಎಣ್ಣೆಯಂಶ ಕಾಗದಕ್ಕೆ ಇಳಿದರೆ ಅಲ್ಲಿ ಗ್ರಾಫೈಟ್ ಕಲೆಕಲೆಯಾಗಿ ಕೂರುತ್ತದೆ, ರಬ್ಬರಿಗೂ ಬಗ್ಗುವುದಿಲ್ಲ. ನಯ ಬೇಕೇ ಬೇಕೆಂದರೆ ಸುರುಳಿ ಸುತ್ತಿದ ಕಾಗದದ ಕಡ್ಡಿಯನ್ನೋ ಟಿಶ್ಯೂವನ್ನೋ ಬಳಸಿ. ನನ್ನ ಮಟ್ಟಿಗೆ ಹೇಳುವುದಾದರೆ, ಉಜ್ಜಿದ ಚಿತ್ರ ಹೊಗೆ ಹಿಡಿದಂತೆ ಕಾಣುತ್ತದೆ. ಮೊಟ್ಟೆಯ ಉಬ್ಬನ್ನು ಅನುಸರಿಸಿ ಬಾಗಿದ ಗೀರುಗಳು ಅರ್ಧ ಕೆಲಸವನ್ನು ತಾವೇ ಮಾಡಿಕೊಡುತ್ತವೆ. ಉಜ್ಜುವವರು ಮೊದಲು ಕಳೆದುಕೊಳ್ಳುವುದು ಅವನ್ನೇ.

ಪ್ರಶ್ನೆ: ಕಪ್ಪು ಬಣ್ಣದ ಮಗ್ ಬರೆದರೆ ಕಾಗದದಲ್ಲಿ ತೂತು ಬಿದ್ದಂತೆ ಕಾಣುತ್ತದೆ. ಇಡೀ ಮಗ್ ಕಪ್ಪಾಗಿರುವಾಗ ನೆರಳನ್ನು ಎಲ್ಲಿ ತೋರಿಸುವುದು?

ಉತ್ತರ: ನೀವು ಬರೆದದ್ದು ‘ಮಗ್ ಕಪ್ಪು’ ಎಂಬ ತಿಳಿವಳಿಕೆಯನ್ನು. ನಮ್ಮ ಕಣ್ಣು ಈ ವಿಷಯದಲ್ಲಿ ಸುಳ್ಳುಬುರುಕ. ಮಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಎಡ್ವರ್ಡ್ ಅಡೆಲ್ಸನ್ 1995ರಲ್ಲಿ ಒಂದು ಚಿತ್ರ ಮಾಡಿದರು. ಚದುರಂಗದ ಹಾಸಿನ ಮೇಲೆ ಒಂದು ಉರುಳೆ ನಿಂತಿದೆ, ಅದರ ನೆರಳು ಹಾಸಿನ ಮೇಲೆ ಬಿದ್ದಿದೆ. ನೆರಳಿನ ಹೊರಗಿನ ಒಂದು ಕಪ್ಪು ಮನೆ, ನೆರಳಿನೊಳಗಿನ ಒಂದು ಬಿಳಿ ಮನೆ. ಎರಡೂ ಒಂದೇ ಬೂದು! ಎಷ್ಟು ಹೇಳಿದರೂ ಕಣ್ಣು ಒಪ್ಪುವುದಿಲ್ಲ. ನಡುವಿನದನ್ನೆಲ್ಲ ಮುಚ್ಚಿ ನೋಡಿದಾಗ ಮಾತ್ರ ಒಪ್ಪುತ್ತದೆ.

ಅದೇ ಉಪಾಯವನ್ನು ನೀವೂ ಮಾಡಿ. ಬೂದು ಬಣ್ಣದ ರಟ್ಟಿನಲ್ಲಿ ಪಂಚಿಂಗ್ ಯಂತ್ರದಿಂದ ಎರಡು ತೂತು ಹೊಡೆಯಿರಿ. ಒಂದು ಕಣ್ಣು ಮುಚ್ಚಿ, ಒಂದು ತೂತಿನಲ್ಲಿ ಮಗ್‌ನ ಬೆಳಕಿನ ಬದಿಯೂ ಇನ್ನೊಂದರಲ್ಲಿ ಪಕ್ಕದ ಬಿಳಿ ಬಟ್ಟೆಯ ಮಡಿಕೆಯ ನೆರಳೂ ಕಾಣುವಂತೆ ಹಿಡಿಯಿರಿ. ದೀಪಕ್ಕೆ ಮುಖ ಮಾಡಿದ ಕಪ್ಪು ಮಗ್ಗಿಗೂ ಬಿಳಿ ಬಟ್ಟೆಯ ಆಳದ ಮಡಿಕೆಗೂ ನೀವು ಅಂದುಕೊಂಡಷ್ಟು ಅಂತರವಿಲ್ಲ ಎಂದು ಗೊತ್ತಾಗುತ್ತದೆ. ಮಗ್ ಹೊಳಪಿನದಾಗಿದ್ದರೆ ಕಿಟಕಿಯ ಪ್ರತಿಬಿಂಬವೇ ಬಾಗಿದ ಬಿಳಿ ಚೌಕವಾಗಿ ಅದರ ಮೈಮೇಲೆ ಕೂತಿರುತ್ತದೆ. ಅದರ ಅಂಚು ಚೂಪಾಗಿರಲಿ. ಹೊಳಪಿಲ್ಲದ ಮಣ್ಣಿನ ಪಾತ್ರೆಗೂ ಹೊಳೆಯುವ ಮಗ್ಗಿಗೂ ಇರುವ ವ್ಯತ್ಯಾಸ ಈ ಅಂಚುಗಳಲ್ಲೇ ಗೊತ್ತಾಗುವುದು.

ಪತ್ರದ ಜೊತೆಗಿದ್ದ ಚಿತ್ರದಲ್ಲಿ ಇನ್ನೊಂದು ಕಂಡಿತು, ನೀವು ಕೇಳಿಲ್ಲ. ಮಗ್‌ನ ಬಾಯಿ ಅಗಲವಾದ ದೀರ್ಘವೃತ್ತ, ತಳ ಮಾತ್ರ ನೇರ ಗೆರೆ. ಮೇಲಿನಿಂದ ನೋಡುವಾಗ ಕಣ್ಣಿನ ಮಟ್ಟಕ್ಕಿಂತ ಕೆಳಗೆ ಹೋದಷ್ಟೂ ವೃತ್ತ ತೆರೆದುಕೊಳ್ಳುತ್ತದೆ, ಆದ್ದರಿಂದ ತಳದ ಬಾಗು ಬಾಯಿಯದಕ್ಕಿಂತ ಹೆಚ್ಚಿರಬೇಕು. ಇದು ತಪ್ಪಿದರೆ ಎಂಥ ಶೇಡಿಂಗೂ ಮಗ್ಗನ್ನು ಕಾಪಾಡಲಾರದು.

ಪ್ರಶ್ನೆ: ಮೊಬೈಲಿನಲ್ಲಿ ತೆಗೆದ ಫೋಟೊ ನೋಡಿ ಬರೆಯಬಹುದೇ?

ಉತ್ತರ: ಬರೆಯಬಹುದು, ಆದರೆ ವಸ್ತು ಎದುರಿಗೇ ಇರುವಾಗ ಏಕೆ? ಫೋಟೊದಲ್ಲಿ ನೆರಳಿನೊಳಗಿನ ಸೂಕ್ಷ್ಮ ಬೂದುಗಳು ಎಷ್ಟೋ ಸಲ ಕಪ್ಪಿನಲ್ಲಿ ಮುಳುಗಿಹೋಗುತ್ತವೆ. ಮೊಬೈಲನ್ನು ಬೇರೆ ಕೆಲಸಕ್ಕೆ ಬಳಸಿ: ಮುಗಿದ ಚಿತ್ರವನ್ನೂ ವಸ್ತುವನ್ನೂ ಅಕ್ಕಪಕ್ಕ ಇಟ್ಟು ಕಪ್ಪು–ಬಿಳುಪಿನಲ್ಲಿ ಒಂದು ಫೋಟೊ ತೆಗೆಯಿರಿ. ಹೆಚ್ಚಿನವರ ಚಿತ್ರ ವಸ್ತುವಿಗಿಂತ ಎಷ್ಟೋ ಪೇಲವವಾಗಿರುತ್ತದೆ. ಹೆದರಿ ಹೆದರಿ ತೀಡಿದ್ದು ಅಲ್ಲಿ ಬಯಲಾಗುತ್ತದೆ.

ಪ್ರಶ್ನೆ: ಗಾಜಿನ ಲೋಟಕ್ಕೆ ನೆರಳು ಹೇಗೆ?

ಉತ್ತರ: ಮೊಟ್ಟೆಯ ಪಾಠ ಇಲ್ಲಿ ಅರ್ಧ ತಲೆಕೆಳಗಾಗುತ್ತದೆ. ಗಾಜಿನ ಮೈಯಲ್ಲಿ ಬೆಳಕು–ನೆರಳಿನ ಗಡಿಯನ್ನು ಹುಡುಕಬೇಡಿ, ಸಿಗುವುದಿಲ್ಲ. ಹಿಂದಿನ ವಸ್ತುಗಳು ಬಾಗಿ, ತಿರುಚಿ ಕಾಣುವ ತುಂಡುಗಳನ್ನು ಕಂಡಂತೆಯೇ ನಕಲು ಮಾಡಿ. ಕಪ್ಪೆಲ್ಲ ಬಹುಮಟ್ಟಿಗೆ ಅಂಚುಗಳಲ್ಲೂ ದಪ್ಪ ತಳದಲ್ಲೂ ಸೇರಿಕೊಂಡಿರುತ್ತದೆ, ನಡುಭಾಗವನ್ನು ಮುಟ್ಟುವ ಅಗತ್ಯವೇ ಇರುವುದಿಲ್ಲ. ಲೋಟದಲ್ಲಿ ನೀರಿದ್ದು ಬೆಳಕು ಒಂದು ಬದಿಯಿಂದ ಬೀಳುತ್ತಿದ್ದರೆ ಮೇಜಿನ ಮೇಲಿನ ನೆರಳಿನ ನಡುವೆಯೇ ಉರಿಯುವಂಥ ಒಂದು ಬಿಳಿ ಗೀಟು ಕಾಣುತ್ತದೆ. ನೀರು ತುಂಬಿದ ಲೋಟ ಮಸೂರದಂತೆ ಬೆಳಕನ್ನು ಒಂದೆಡೆ ಕೂಡಿಸುವುದರಿಂದ ಹೀಗಾಗುತ್ತದೆ. ಆ ಜಾಗಕ್ಕೆ ಮೊದಲೇ ತೆಳು ಗುರುತು ಹಾಕಿಟ್ಟುಕೊಳ್ಳಿ, ಸುತ್ತಲೂ ನೆರಳು ತುಂಬುವ ಭರದಲ್ಲಿ ಪೆನ್ಸಿಲ್ ಅದರ ಮೇಲೆ ಹಾಯದಿರಲಿ. ಒಮ್ಮೆ ಗ್ರಾಫೈಟ್ ಹತ್ತಿದ ಕಾಗದವನ್ನು ಎಷ್ಟು ಉಜ್ಜಿದರೂ ಆ ಬಿಳಿ ಮರಳಿ ಬರುವುದಿಲ್ಲ.