ಗ್ರೀಕ್ ಇತಿಹಾಸದಲ್ಲಿ ರಾಜಕೀಯ ಮೊದಲು ಓದಬೇಕಾ, ಸಂಸ್ಕೃತಿ ಮೊದಲಾ?

ಪರೀಕ್ಷೆಗೆ ಒಂದು ತಿಂಗಳಿದೆ, ಯಾವುದನ್ನು ಮೊದಲು ಮುಗಿಸಲಿ ಅಂತ ಕೇಳಿದ್ದೀರಿ. ಎಂ.ಎ. ಓದುವಾಗ ನಾನೂ ಇದೇ ಲೆಕ್ಕ ಹಾಕಿ ಇನ್ನೂರು ಪುಟದ ಎರಡು ನೋಟ್‌ಬುಕ್ ತಂದಿದ್ದೆ. ನೀಲಿ ರಟ್ಟಿನದರಲ್ಲಿ ಯುದ್ಧ, ಆಡಳಿತ: ಸೋಲನ್, ಕ್ಲೈಸ್ತನೀಸ್, ಪೆರಿಕ್ಲಿಸ್, ಪೆಲೊಪೊನೀಸಿಯನ್ ಯುದ್ಧ. ಕೆಂಪು ರಟ್ಟಿನದರಲ್ಲಿ ಸಾಕ್ರೆಟಿಸ್, ಪ್ಲೇಟೊ, ನಾಟಕಕಾರರು, ಪಾರ್ಥೆನಾನ್ ದೇವಾಲಯ. ಎರಡನ್ನೂ ಬಾಯಿಪಾಠ ಮಾಡಿದೆ. ಯಾವ ಇಸವಿ ಕೇಳಿದರೂ ಥಟ್ಟನೆ ಹೇಳುತ್ತಿದ್ದೆ.

ಪರೀಕ್ಷೆಯಲ್ಲಿ ಬಂದ ಪ್ರಶ್ನೆ: ಕ್ರಿ.ಪೂ. 399ರಲ್ಲಿ ಸಾಕ್ರೆಟಿಸ್‌ಗೆ ಮರಣದಂಡನೆ ಯಾಕಾಯಿತು, ಅಥೆನ್ಸಿನ ಅಂದಿನ ಪರಿಸ್ಥಿತಿ ಇಟ್ಟುಕೊಂಡು ವಿವರಿಸಿ. ಖುಷಿಯಾಯಿತು. ಕೆಂಪು ನೋಟ್‌ಬುಕ್ಕಿನಲ್ಲಿದ್ದದ್ದನ್ನೆಲ್ಲ ನಾಲ್ಕು ಪುಟ ಬರೆದೆ, ಅವನು ಪ್ರಶ್ನೆ ಕೇಳುತ್ತಿದ್ದ ರೀತಿ, ವಿಚಾರಣೆ, ವಿಷದ ಬಟ್ಟಲು. 15ಕ್ಕೆ 4 ಬಂತು. ಮೂರು ಅಂಕದಲ್ಲಿ ಆ ಪತ್ರಿಕೆ ಹೋಯಿತು, ಅದರ ಜೊತೆ ಒಂದು ವರ್ಷ ಕೂಡ. ಉತ್ತರ ಪತ್ರಿಕೆಯ ಜೆರಾಕ್ಸ್ ತರಿಸಿ ನೋಡಿದರೆ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಇಷ್ಟೇ ಬರೆದಿತ್ತು: "399ರಲ್ಲೇ ಯಾಕೆ?"

ಅವತ್ತು ರಾತ್ರಿ ಎರಡೂ ನೋಟ್‌ಬುಕ್ ಪಕ್ಕಪಕ್ಕ ಬಿಚ್ಚಿಟ್ಟುಕೊಂಡು ಕೂತೆ. ಸಾಕ್ರೆಟಿಸ್‌ಗೆ ಆಗ ಎಪ್ಪತ್ತು ವರ್ಷ. ಎಷ್ಟೋ ವರ್ಷಗಳಿಂದ ಅದೇ ಊರಿನಲ್ಲಿ ಜನರನ್ನು ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದ. 423ರಲ್ಲೇ ಹಾಸ್ಯ ನಾಟಕಕಾರ ಅರಿಸ್ಟೊಫನೀಸ್ ಅವನನ್ನು ನಾಟಕದಲ್ಲಿ ತಂದು ಗೇಲಿ ಮಾಡಿದ್ದ. ಆಗ ಯಾರೂ ಕೇಸು ಹಾಕಲಿಲ್ಲ. ಹಾಗಾದರೆ ಈಗ ಯಾಕೆ? ಉತ್ತರ ನೀಲಿ ನೋಟ್‌ಬುಕ್ಕಿನಲ್ಲಿತ್ತು. 404ರಲ್ಲಿ ಪೆಲೊಪೊನೀಸಿಯನ್ ಯುದ್ಧದಲ್ಲಿ ಅಥೆನ್ಸ್ ಸ್ಪಾರ್ಟಾಗೆ ಸೋತಿತು. ಸ್ಪಾರ್ಟಾದ ಬೆಂಬಲದಿಂದ ಮೂವತ್ತು ಜನ ಅಧಿಕಾರ ಹಿಡಿದು ಕೆಲವೇ ತಿಂಗಳಲ್ಲಿ ಸುಮಾರು 1500 ಜನರನ್ನು ಕೊಲ್ಲಿಸಿದರು. ಅವರ ಮುಂದಾಳು ಕ್ರಿಟಿಯಸ್ ಹಿಂದೆ ಸಾಕ್ರೆಟಿಸ್ ಜೊತೆ ಓಡಾಡಿಕೊಂಡಿದ್ದವನು. ಯುದ್ಧದ ಮಧ್ಯೆ ಸ್ಪಾರ್ಟಾ ಕಡೆ ಹೋದ ಆಲ್ಸಿಬಯಾಡೀಸ್ ಕೂಡ ಅವನ ಒಡನಾಡಿಯೇ. 403ರಲ್ಲಿ ಪ್ರಜಾಪ್ರಭುತ್ವ ಮರಳಿ ಬಂದಾಗ, ಹಳೆಯದನ್ನು ಕೆದಕಿ ಕೇಸು ಹಾಕಬಾರದು ಅಂತ ಊರಿನವರು ಪ್ರಮಾಣ ಮಾಡಿಕೊಂಡರು. ಬಹುಶಃ ಅದಕ್ಕೇ ಸಾಕ್ರೆಟಿಸ್ ಮೇಲಿನ ಆರೋಪದಲ್ಲಿ ರಾಜಕೀಯದ ಮಾತೇ ಇಲ್ಲ; ಊರಿನ ದೇವರನ್ನು ಒಪ್ಪುವುದಿಲ್ಲ, ಹೊಸ ದೈವಗಳನ್ನು ತರುತ್ತಾನೆ, ಹುಡುಗರನ್ನು ಕೆಡಿಸುತ್ತಾನೆ ಅಂತಷ್ಟೇ ಇದೆ. ಆ ಸೋಲಿನ, ಆ ಕೊಲೆಗಳ ನೋವು ಅದರ ಹಿಂದಿತ್ತು ಅಂತ ಅನೇಕ ಇತಿಹಾಸಕಾರರು ಹೇಳುತ್ತಾರೆ. ಆರೋಪ ಹೊರಿಸಿದವರಲ್ಲಿ ಒಬ್ಬನಾದ ಅನಿಟಸ್, ಆ ಮೂವತ್ತು ಜನರ ವಿರುದ್ಧ ಹೋರಾಡಿದವನು.

ಇವರ ಹೆಸರೆಲ್ಲ ನನಗೆ ಗೊತ್ತಿತ್ತು! ಕ್ರಿಟಿಯಸ್ ಮುಂದೆ "ಮೂವತ್ತು ಜನರ ನಾಯಕ" ಅಂತ ನನ್ನ ಕೈಯಿಂದಲೇ ಬರೆದಿದ್ದೆ. ಪಕ್ಕದಲ್ಲಿ ಸಾಕ್ರೆಟಿಸ್ ಹೆಸರು ಬರೆಯಲಿಲ್ಲ, ಯಾಕೆಂದರೆ ಸಾಕ್ರೆಟಿಸ್ "ಸಂಸ್ಕೃತಿ" ನೋಟ್‌ಬುಕ್ಕಿನವನು. ನಾನು ಕಡಿಮೆ ಓದಿರಲಿಲ್ಲ, ಓದಿದ್ದನ್ನು ಬೇರೆ ಬೇರೆ ಇಟ್ಟಿದ್ದೆ. ಸಲಾಮಿಸ್‌ನ ಲಿಯಾನ್‌ನನ್ನು ಕೊಲ್ಲಿಸುವುದಕ್ಕೆ ಹಿಡಿದು ತಾ ಅಂತ ಆ ಮೂವತ್ತು ಜನ ಹೇಳಿದಾಗ ಸಾಕ್ರೆಟಿಸ್ ಕೇಳದೆ ಸೀದಾ ಮನೆಗೆ ಹೋದ, ಅಂದರೆ ಅವನು ಅವರ ಕಡೆಯವನೂ ಆಗಿರಲಿಲ್ಲ. ಇದೂ ಕೆಂಪು ನೋಟ್‌ಬುಕ್ಕಿನಲ್ಲಿತ್ತು. ಆ ಮೂವತ್ತು ಜನ ಯಾರು ಅಂತ ಅಲ್ಲಿ ಬರೆದಿರಲಿಲ್ಲವಾದ್ದರಿಂದ ಸುಮ್ನೆ ಒಂದು ಕತೆಯ ಹಾಗೆ ಓದಿ ಬಿಟ್ಟಿದ್ದೆ.

ಅದಕ್ಕೇ ಹೇಳುತ್ತಿದ್ದೇನೆ, ಯಾವುದು ಮೊದಲು ಅನ್ನುವ ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ನಾಟಕಕಾರ ಎಸ್ಕಿಲಸ್ 490ರಲ್ಲಿ ಪರ್ಷಿಯನ್ನರ ವಿರುದ್ಧ ಮ್ಯಾರಥಾನ್‌ನಲ್ಲಿ ಕತ್ತಿ ಹಿಡಿದವನು. ಅವರ ಜೊತೆಗಿನ 480ರ ಸಲಾಮಿಸ್ ಯುದ್ಧದ ಮೇಲೆ 472ರಲ್ಲಿ ನಾಟಕ ಆಡಿಸಿದ, ಅದರ ಮೇಳದ ಖರ್ಚು ಹೊತ್ತವನು ಯುವಕ ಪೆರಿಕ್ಲಿಸ್. ಇದನ್ನು ಯಾವ ನೋಟ್‌ಬುಕ್ಕಿಗೆ ಹಾಕುತ್ತೀರಿ? ಇನ್ನೊಬ್ಬ ನಾಟಕಕಾರ ಸೊಫೊಕ್ಲಿಸ್ ಸೇನಾಪತಿಯಾಗಿ ಆಯ್ಕೆಯಾಗಿದ್ದ. 447ರಲ್ಲಿ ಪಾರ್ಥೆನಾನ್ ಕೆಲಸ ಶುರುವಾಗುವ ಹೊತ್ತಿಗೆ ಮಿತ್ರರಾಜ್ಯಗಳ ಖಜಾನೆ ಅಥೆನ್ಸಿಗೆ ಬಂದು ಏಳು ವರ್ಷವಾಗಿತ್ತು, ಅಂದರೆ ಆ ದೇವಾಲಯದ ಕತೆಯಲ್ಲೂ ರಾಜಕೀಯವಿದೆ.

ಎಸ್ಕಿಲಸ್‌ನ ಆ ನಾಟಕವನ್ನು ಬಿ.ಎಂ.ಶ್ರೀ 'ಪಾರಸಿಕರು' ಅಂತ ಕನ್ನಡಕ್ಕೆ ತಂದಿದ್ದಾರೆ, ಗೈಡು ಮುಟ್ಟುವ ಮೊದಲು ಅದನ್ನು ಓದಿ. ನೋಟ್‌ಬುಕ್ ಒಂದೇ ಸಾಕು. ಎಡಕ್ಕೆ ಇಸವಿ, ಬಲಕ್ಕೆ ಆ ವರ್ಷ ಯಾರು ಎಲ್ಲಿದ್ದರು, ಯಾರ ಜೊತೆ ಇದ್ದರು. 490ರಿಂದ 399ರವರೆಗೆ ಮೊದಲು ಬರೆಯಿರಿ, ಅಲೆಕ್ಸಾಂಡರ್ ಎರಡು ವಾರ ಕಾದರೂ ಪರವಾಗಿಲ್ಲ.