ಗುಜರಿಯಲ್ಲಿ ಸಿಕ್ಕ ಅಲ್ಯೂಮಿನಿಯಂ ಹೆಡ್ ಕೊಳ್ಳಬಹುದಾ?

ಪ್ರಶ್ನೆ: ಸರ್, ನಾನು ಚಿಂಚ್‌ವಡದಲ್ಲಿ ಇರೋದು, ಊರು ಧಾರವಾಡ. ಸೋದರಮಾವನ 1974ರ ಶೆವರ್ಲೆ ಕಮಾರೋ ಈಗ ನನ್ನ ಹತ್ತಿರ ಇದೆ. ಅದರ 350 (ಕ್ಯುಬಿಕ್ ಇಂಚಿನ) ವಿ8 ಎಂಜಿನ್ ಬಿಚ್ಚಿಟ್ಟಿದ್ದೇವೆ. ಮುಂಬೈನ ಕುರ್ಲಾದಲ್ಲಿ ಒಬ್ಬರ ಹತ್ತಿರ ಬಳಸಿದ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ (ಎಂಜಿನ್ ಬ್ಲಾಕ್ ಮೇಲೆ ಕೂರುವ, ವಾಲ್ವ್ ಇರುವ ಭಾಗ) ಜೋಡಿ ಇದೆಯಂತೆ. ‘5.7 ಲೀಟರ್ ಶೆವರ್ಲೆಗೆ ಕೂರುತ್ತೆ, ಕ್ಲೀನ್ ಮಾಡಿಟ್ಟಿದ್ದೀನಿ, ಹಾಕಿಕೊಳ್ಳೋದಷ್ಟೇ’ ಅನ್ನುತ್ತಾರೆ. ಹೊಸದರ ಅರ್ಧ ಬೆಲೆ. ತಗೊಳ್ಳಲಾ?

ಉತ್ತರ: ತಗೊಳ್ಳಿ, ಆದರೆ ಪ್ರೆಶರ್ ಟೆಸ್ಟ್ (ಗಾಳಿ ತುಂಬಿ ಬಿರುಕು ಹುಡುಕೋದು) ಆಗುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಸ್ವಲ್ಪ ಮುಂಗಡ ಕೊಟ್ಟು, ಬಿರುಕು ಕಂಡರೆ ವಾಪಸ್ ತಗೊಳ್ಳಬೇಕು ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಇದಕ್ಕೆ ಒಪ್ಪದವರ ಹತ್ತಿರ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ಮೊದಲು ಅದು ನಿಮ್ಮ ಎಂಜಿನ್‌ಗೆ ಆಗುವ ಹೆಡ್ಡೇನಾ ನೋಡಿ. ‘5.7 ಲೀಟರ್’ ಅನ್ನೋ ಒಂದು ಮಾತು ನಂಬಿ ಕುರ್ಲಾಕ್ಕೆ ಹೋಗಬೇಡಿ. ನಿಮ್ಮ 350 ಎಂಜಿನ್ 5.7 ಲೀಟರ್, 1997ರಲ್ಲಿ ಬಂದ ಎಲ್‌ಎಸ್1 ಕೂಡ 5.7, ಅದಕ್ಕೂ ಮುಂಚೆ 1992ರಲ್ಲಿ ಬಂದ ಎಲ್‌ಟಿ1 ಕೂಡ 5.7. ಎಲ್‌ಎಸ್ ಹೆಡ್ ನಿಮ್ಮ ಬ್ಲಾಕ್ ಮೇಲೆ ಕೂರೋದೇ ಇಲ್ಲ. ಬೋಲ್ಟ್ ತೂತು ಎಣಿಸಿದರೆ ಗೊತ್ತಾಗುತ್ತದೆ: ನಿಮ್ಮ 350ರಂಥ ಹಳೇ ಸ್ಮಾಲ್ ಬ್ಲಾಕ್‌ ಎಂಜಿನ್‌ನಲ್ಲಿ ಒಂದು ಹೆಡ್‌ಗೆ 17 ಬೋಲ್ಟ್ ಇರಬೇಕು. ಎಲ್‌ಟಿ1 ಹೆಡ್ ಮಾತ್ರ ಕಣ್ಣಿಗೆ ಮೋಸ ಮಾಡುತ್ತದೆ, ಅದರಲ್ಲೂ ಬೋಲ್ಟ್ ಅಷ್ಟೇ ಇವೆ, ಆದರೆ ಅದರಲ್ಲಿ ನೀರು ಓಡಾಡುವ ದಾರಿ ಉಲ್ಟಾ. ಇನ್‌ಟೇಕ್ ಮ್ಯಾನಿಫೋಲ್ಡ್ (ಗಾಳಿ-ಪೆಟ್ರೋಲ್ ಒಳಗೆ ಕಳಿಸುವ ಕೊಳವೆಗಳ ಭಾಗ) ಕೂರುವ ಮುಖ ನೋಡಿ, ಎರಡೂ ತುದಿಯಲ್ಲಿ ನೀರಿನ ತೂತು ಇದ್ದರೆ ನಿಮಗೆ ಆಗುತ್ತದೆ. ಆ ಮ್ಯಾನಿಫೋಲ್ಡ್ ಬೋಲ್ಟ್‌ಗಳೂ ನಿಮ್ಮ ಹತ್ತಿರ ಇರೋದಕ್ಕೆ ಹೊಂದಬೇಕು. 1987ರಲ್ಲಿ ನಡುವಿನ ಬೋಲ್ಟ್‌ಗಳ ಕೋನ ಬದಲಾಯಿತು, 1996ರ ವೋರ್ಟೆಕ್ ಹೆಡ್‌ನದಂತೂ ಬೇರೆಯೇ ಲೆಕ್ಕ.

ಹೆಡ್ ಮೇಲೆ ಕಂಪನಿ ಹೆಸರು, ಕಾಸ್ಟಿಂಗ್ ನಂಬರ್ ಇದ್ದರೆ ಫೋಟೋ ತರಿಸಿಕೊಳ್ಳಿ. ಎಡೆಲ್‌ಬ್ರಾಕ್, ಎಎಫ್‌ಆರ್, ಡಾರ್ಟ್, ಟ್ರಿಕ್ ಫ್ಲೋ ಆದರೆ ಚೇಂಬರ್ (ಪೆಟ್ರೋಲ್ ಉರಿಯುವ ಗುಂಡಿ) ಎಷ್ಟು ಸಿಸಿ, ಪೋರ್ಟ್ (ಗಾಳಿ ಹೋಗುವ ದಾರಿ) ಎಷ್ಟು ಸಿಸಿ ಅಂತ ಹುಡುಕಿ ತಿಳಿಯಬಹುದು, ಮುಂದೆ ಬಿಡಿಭಾಗಕ್ಕೂ ದಾರಿ ಇರುತ್ತದೆ. ಹೆಸರೇ ಇಲ್ಲದ ಕಾಸ್ಟಿಂಗ್ ಆದರೆ ಗೈಡ್ (ವಾಲ್ವ್ ಜಾರುವ ಕೊಳವೆ), ಸೀಟ್ (ವಾಲ್ವ್ ಕೂರುವ ರಿಂಗ್), ಸ್ಪ್ರಿಂಗ್ ಎಲ್ಲ ಹೊಸದಾಗಿ ಹಾಕಬೇಕು ಅಂತಲೇ ಲೆಕ್ಕ ಹಾಕಿ ಬೆಲೆ ಮಾತಾಡಿ.

ಪೋರ್ಟ್ ದೊಡ್ಡದಿದ್ದಷ್ಟೂ ಒಳ್ಳೇದು ಅಂತ ಮಾರುವವರು ಹೇಳೇ ಹೇಳುತ್ತಾರೆ. ರಸ್ತೆ ಮೇಲೆ ಓಡಿಸುವ 350ಗೆ 170ರಿಂದ 195 ಸಿಸಿ ಇನ್‌ಟೇಕ್ ಪೋರ್ಟ್ ಸಾಕು. 220 ಹಾಕಿಕೊಂಡರೆ ಹಿಂಜವಡಿ ಟ್ರಾಫಿಕ್‌ನಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಎಳೆತವೇ ಇರಲ್ಲ. ಚೇಂಬರ್ ಇನ್ನೂ ಮುಖ್ಯ. ನಿಮ್ಮ ಕಾಲದ ಬೀಡಿನ ಹೆಡ್‌ನಲ್ಲಿ ಸಾಮಾನ್ಯವಾಗಿ 76 ಸಿಸಿ. 64 ಸಿಸಿ ಹೆಡ್ ಕೂರಿಸಿದರೆ ಕಂಪ್ರೆಶನ್ 8.5ರಿಂದ ಸುಮಾರು 9.6ಕ್ಕೆ ಹೋಗುತ್ತದೆ. ಅಲ್ಯೂಮಿನಿಯಂ ಬಿಸಿಯನ್ನು ಬೇಗ ಬಿಟ್ಟುಕೊಡುವುದರಿಂದ 95 ಆಕ್ಟೇನ್ ಪೆಟ್ರೋಲ್‌ನಲ್ಲಿ ಇದು ನಡೆಯುತ್ತದೆ. ಆದರೆ ಹೆಡ್ ಮುಖವನ್ನು ಹಿಂದೆ ಎಷ್ಟು ಸಲ ತಟ್ಟೆ ಹೊಡೆಸಿದ್ದಾರೋ (ಮಟ್ಟ ಮಾಡಲು ತೆಳುವಾಗಿ ಕೆತ್ತಿಸಿದ್ದಾರೋ) ಗೊತ್ತಿರಲ್ಲ ಅಲ್ವಾ? ಸುಮಾರು 0.15 ಮಿ.ಮೀ. ತೆಗೆದರೆ 1 ಸಿಸಿ ಕಡಿಮೆಯಾಗುತ್ತದೆ. ಹಾಗಾಗಿ ಚೇಂಬರ್‌ಗೆ ಎಣ್ಣೆ ತುಂಬಿಸಿ ಅಳೆಸಿ, ಕೇಳಿದ ಅಂಕಿ ನಂಬಬೇಡಿ.

ಈಗ ಕೈಯಲ್ಲಿ ಹಿಡಿದು ನೋಡೋ ಕೆಲಸ. ‘ಕ್ಲೀನ್ ಮಾಡಿಟ್ಟಿದ್ದೀನಿ’ ಅಂದರಲ್ಲ, ನನಗೆ ಅದೇ ಇಷ್ಟವಾಗಲಿಲ್ಲ. ಮರಳು ಅಥವಾ ಗಾಜಿನ ಪುಡಿ ಹೊಡೆದು ಹೊಳಪು ತಂದರೆ ಸಣ್ಣ ಬಿರುಕು ಮುಚ್ಚಿಹೋಗುತ್ತದೆ, ಆ ಪುಡಿ ಎಣ್ಣೆ ದಾರಿಯಲ್ಲಿ ಉಳಿದರೆ ಬೇರಿಂಗ್ ಹೋಯಿತು ಅಂತಲೇ. ಬಗ್ಗಿ ನೀರಿನ ತೂತುಗಳ ಅಂಚನ್ನು ನೋಡಿ. ಅಂಚು ನೇರವಾಗಿ ಚೂಪಾಗಿರಬೇಕು. ಇಲಿ ಕಡಿದ ಹಾಗೆ ಕೊರೆದು, ಬಿಳಿ ಪುಡಿ ಹಿಡಿದು, ಆ ಗುಂಡಿ ಗ್ಯಾಸ್ಕೆಟ್ ರಿಂಗ್ ಕೂರುವ ಜಾಗದವರೆಗೆ ಬಂದಿದ್ದರೆ ಬಿಟ್ಟುಬಿಡಿ. ಅಲ್ಯೂಮಿನಿಯಂ ಹೆಡ್, ಬೀಡಿನ ಬ್ಲಾಕ್, ರೇಡಿಯೇಟರ್‌ನಲ್ಲಿ ಕೂಲೆಂಟ್ ಇಲ್ಲದ ಬರೀ ನಲ್ಲಿ ನೀರು, ಈ ಮೂರೂ ಸೇರಿದರೆ ತಿನ್ನೋದು ಅಲ್ಯೂಮಿನಿಯಂ ಅನ್ನೇ. ವೆಲ್ಡ್ ತುಂಬಿಸಿ ತಟ್ಟೆ ಹೊಡೆಯಬಹುದು, ಆದರೆ ಆಮೇಲೆ ಅಗ್ಗ ಎಲ್ಲಿ ಉಳಿಯಿತು?

ಆಮೇಲೆ ಗ್ಯಾಸ್ಕೆಟ್ ರಿಂಗ್ ಕೂತಿದ್ದ ಜಾಗದಲ್ಲಿ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಳ್ಳುವಷ್ಟು ತಗ್ಗು ಬಿದ್ದಿದ್ದರೆ ಆ ಎಂಜಿನ್ ಓವರ್‌ಹೀಟ್ ಆಗಿ ಲೋಹ ಮೆತ್ತಗಾಗಿರಬಹುದು, ಗಟ್ಟಿತನ ಅಳೆಸದೆ ತಗೋಬೇಡಿ. ಎರಡು ವಾಲ್ವ್ ಸೀಟ್ ನಡುವಿನ ಸಣ್ಣ ಜಾಗ, ಪ್ಲಗ್ ತೂತಿನ ಸುತ್ತ, ಇಲ್ಲಿ ಬಿರುಕು ಹೆಚ್ಚು. ವಾಲ್ವನ್ನು ಸ್ವಲ್ಪ ಎತ್ತಿ ಅಡ್ಡಕ್ಕೆ ಅಲ್ಲಾಡಿಸಿ, ಟಕಟಕ ಅಂತ ಆಡಿದರೆ ಗೈಡ್ ಸವೆದಿದೆ. ಗೈಡ್ ಬದಲಾಯಿಸೋದು ದೊಡ್ಡ ವಿಷಯವಲ್ಲ, ಅದನ್ನು ಹಿಡಿದು ಬೆಲೆ ಇಳಿಸಿ.

ಉಳಿದದ್ದು ಭೋಸರಿ ಕಡೆಯ ಒಳ್ಳೆಯ ಎಂಜಿನ್ ವರ್ಕ್‌ಶಾಪ್‌ನ ಕೆಲಸ. ನೀರಿನ ದಾರಿ ಮುಚ್ಚಿ, ಗಾಳಿ ತುಂಬಿ, ಬಿಸಿ ನೀರಲ್ಲಿ ಮುಳುಗಿಸಿ ನೋಡಲಿ. ಬಿಸಿ ನೀರೇ ಆಗಬೇಕು, ತಣ್ಣಗಿದ್ದಾಗ ಮುಚ್ಚಿಕೊಳ್ಳುವ ಬಿರುಕು ಬಿಸಿಯಾದಾಗಲೇ ಗುಳ್ಳೆ ಬಿಡೋದು. ಖಂಡಾಲಾ ಘಾಟ್ ಹತ್ತುವಾಗ ಗೊತ್ತಾಗೋದಕ್ಕಿಂತ ಅಲ್ಲೇ ಗೊತ್ತಾಗಲಿ. ಬಳಸಿದ ಸ್ಪ್ರಿಂಗ್ ಹಾಕಬೇಡಿ, ನಿಮ್ಮ ಕ್ಯಾಮ್‌ನ ಲಿಫ್ಟ್‌ಗೆ (ಅದು ವಾಲ್ವನ್ನು ಎತ್ತುವ ಎತ್ತರಕ್ಕೆ) ಸರಿಹೊಂದುವ ಹೊಸದನ್ನೇ ಹಾಕಿಸಿ. ಪಿಸ್ಟನ್ ಮೇಲೆ ಜೇಡಿ ಇಟ್ಟು ಕೈಯಲ್ಲಿ ಎಂಜಿನ್ ತಿರುಗಿಸಿ ವಾಲ್ವ್ ಅಂತರ ನೋಡಿ: ಇನ್‌ಟೇಕ್‌ಗೆ 2 ಮಿ.ಮೀ., ಎಕ್ಸಾಸ್ಟ್‌ಗೆ 2.5 ಇರಲಿ. ಬೋಲ್ಟ್ ಕೆಳಗೆ ಗಟ್ಟಿ ವಾಷರ್, ಬೋಲ್ಟ್‌ನ ಮರೆಗೆ (ತಿರುಪಿನ ಎಳೆಗೆ) ಸೀಲೆಂಟ್ ಬೇಕೇ ಬೇಕು. ಈ ಬ್ಲಾಕ್‌ನಲ್ಲಿ ಹೆಡ್ ಬೋಲ್ಟ್ ತೂತು ನೇರ ನೀರಿಗೇ ಇಳಿಯುತ್ತದೆ.

ಇಷ್ಟೆಲ್ಲ ಖರ್ಚು ಸೇರಿಸಿದ ಮೇಲೆ ಹೊಸದರ ಮುಕ್ಕಾಲು ಬೆಲೆ ದಾಟಿದರೆ ನಾನು ಹೊಸದನ್ನೇ ತರಿಸಿ ಅನ್ನುತ್ತೇನೆ.

ಪ್ರಶ್ನೆ: ವಾಸ್ಕೋದಿಂದ ಬರೆಯುತ್ತಿದ್ದೇನೆ. ನನ್ನ ಹಳೇ ಮಾರುತಿ ಎಸ್ಟೀಮ್‌ಗೆ ಪೋರ್ಟಿಂಗ್ ಮಾಡಿದ (ಪೋರ್ಟ್ ಕೆತ್ತಿ ದೊಡ್ಡದು ಮಾಡಿದ) ಹೆಡ್ ನೋಡಿದೆ. ಒಂದು ಪ್ಲಗ್ ತೂತಿನೊಳಗೆ ಸ್ಟೀಲ್ ಮರೆ (ತಿರುಪಿನ ಎಳೆ ಇರುವ ಸಣ್ಣ ಕೊಳವೆ) ಕೂರಿಸಿದ್ದಾರೆ. ಬಿಡಬೇಕಾ?

ಉತ್ತರ: ಅದೊಂದೇ ಕಾರಣಕ್ಕೆ ಬಿಡಬೇಡಿ. ಸರಿಯಾಗಿ ಕೂರಿಸಿದ ಸ್ಟೀಲ್ ಮರೆ ಗಟ್ಟಿಯಾಗಿಯೇ ಇರುತ್ತದೆ. ಅದರ ತುದಿ ಚೇಂಬರ್ ಒಳಗೆ ಚಾಚಿಕೊಂಡಿರಬಾರದು, ಚಾಚಿದ್ದು ಕೆಂಪಗೆ ಕಾದು ಎಂಜಿನ್ ಬಡಿಯಲು ಶುರುವಾಗುತ್ತದೆ. ಪ್ಲಗ್ ಹಾಕಿ ಬಿಚ್ಚಿ ನೋಡಿ, ಮರೆಯೂ ಜೊತೆಗೆ ತಿರುಗಿ ಬಂದರೆ ಬೇಡ. ಕೊಂಡರೆ, ಎಂಜಿನ್ ತಣ್ಣಗಿದ್ದಾಗ ಮಾತ್ರ ಪ್ಲಗ್ ಹಾಕಿ, ಮೊದಲು ಕೈಯಲ್ಲೇ ತಿರುಗಿಸಿ, ಆಮೇಲೆ ಟಾರ್ಕ್ ರೆಂಚ್‌ನಲ್ಲಿ 25ರಿಂದ 30 ನ್ಯೂಟನ್ ಮೀಟರ್, ಅದಕ್ಕಿಂತ ಜಾಸ್ತಿ ಬೇಡ.